ಹೇರು ಬಿಡದವನ ಕಲ್ಲು

ತೇರಗಾಂವ ತಾಂಡಾ
೧೪ ಜನವರಿ ೨೦೨೪

ಕೊಹಿಮಾದ ಆಸ್ಪತ್ರೆಯಲ್ಲಿ ಮಂದಿಗೆ ಸೂಜಿ ಚುಚ್ಚುವ ನನ್ನ ಅಣ್ಣನ ಮಗಳು ಸೌಂದರ್ಯಾಳಿಗೆ, ಹಳಿಯಾಳ ತಾಲೂಕಿನಲ್ಲಿ ತನಗೆ ಸಮ ಯಾರೂ ಇಲ್ಲದ ಮೋತಿಲಾಲ ಕಾಕಾ ಬರೆಯುವುದೇನೆಂದರೆ,

ನಾವೆಲ್ಲ ಗಟ್ಟಿಯಾಗಿದ್ದೇವೆ. ನಿನ್ನ ಕಾಕಿ ಗೋಪಿಬಾಯಿ ನನಗಿಂತ ಗಟ್ಟಿ. ಅವಳ ಧ್ವನಿ ಕೇಳಿದವರು ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಫೋನು ಇರುವಾಗ ಕಾಕಾ ಪತ್ರ ಯಾಕೆ ಬರೆದ ಎಂದು ನಗಬೇಡ. ಮನೆಯ ಫೋನು ಅವಳ ಕೈಯಲ್ಲಿ. ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಡುತ್ತಾಳೆ. ನಾನು ಹಲೋ ಅನ್ನುವುದರೊಳಗೆ ತಾಂಡಾದ ಅರ್ಧ ಹೆಂಗಸರು ಉತ್ತರ ಕೊಟ್ಟಿರುತ್ತಾರೆ. ಈ ವಿಷಯ ಹಾಗೆ ಹೋಗತಕ್ಕದ್ದಲ್ಲ. ಅದೂ ಅಲ್ಲದೆ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಇಡೀ ಕೇಂದ್ರಕ್ಕೆ ಎರಡನೆಯವನು. ಮೊದಲನೆಯವನು ನನ್ನದನ್ನು ನೋಡಿ ಬರೆದಿದ್ದ.

ಆ ಮೊದಲನೆಯವನ ವಿಷಯವೇ ಈಗ ಹೇಳಬೇಕಾದದ್ದು. ಅವನೇ ತೇರಗಾಂವದ ಅಡಿವೆಯ್ಯ, ಮಾಸ್ತರಕಿ ಮಾಡಿ ನಿವೃತ್ತನಾದವನು. ಹಳಿಯಾಳದಲ್ಲಿ ಒಂದು ಸಮಿತಿ ಆಗಿದೆ. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ತಾಲೂಕಿನಿಂದ ಯುದ್ಧಕ್ಕೆ ಹೋದವರ ಹೆಸರನ್ನೆಲ್ಲ ಕರಿ ಕಲ್ಲಿನಲ್ಲಿ ಕೆತ್ತಿಸಿ ಆಗಸ್ಟ್ ಹದಿನೈದರಂದು ನಿಲ್ಲಿಸುತ್ತಾರಂತೆ. ಅಧ್ಯಕ್ಷ ದುಂಡೇಶ, ಕಾರ್ಯದರ್ಶಿ ನಮ್ಮ ಅಡಿವೆಯ್ಯ. ಈವರೆಗೆ ಹತ್ತೊಂಬತ್ತು ಹೆಸರು ಸಿಕ್ಕಿವೆ. ಇಪ್ಪತ್ತನೆಯದು ನನ್ನ ಬಾಪುನದು, ಅಂದರೆ ನಿನ್ನ ಅಜ್ಜ ಥಾವರ್ಯಾ ಲಮಾಣಿಯದು.

ನಿನಗೆ ಗೊತ್ತೇ ಇದೆ. ಬ್ರಿಟಿಷರ ಒಂದು ಬ್ರಿಗೇಡು, ಸಾವಿರಾರು ಗೋರಾ ಸಿಪಾಯಿಗಳ ದಂಡು, ನಮ್ಮ ದಾಂಡೇಲಿ ಕಾಡಿಗೇ ಬಂದು ಕಾಡಿನ ಯುದ್ಧ ಕಲಿಯಿತು. ಕಲಿಸಿದವನು ಬಾಪು ಅಂತಲೇ ತಿಳಿ. ಆಮೇಲೆ ಅದೇ ಬ್ರಿಗೇಡು ಕೊಹಿಮಾದ ಗುಡ್ಡದಲ್ಲಿ ಜಪಾನಿಗಳಿಗೆ ಸಿಕ್ಕಿಕೊಂಡಾಗ ಬಾಪು ಹೇಸರಗತ್ತೆಯ ಬೆನ್ನ ಮೇಲೆ ನಿಂತು ಎರಡು ವಿಮಾನ ಹೊಡೆದುರುಳಿಸಿದ. ಬ್ರಿಗೇಡಿಯರ್ ಸಾಹೇಬ ಅಪ್ಪಿಕೊಂಡು ಅತ್ತ. ಕೊಟ್ಟ ಪದಕವನ್ನು ಬಾಪು ಊರಿಗೆ ಬರುವಾಗ ಸೂಪಾದ ಹತ್ತಿರ ಕಾಳಿ ಹೊಳೆಗೆ ಎಸೆದ. ಈಗ ಅಲ್ಲಿ ಅಣೆಕಟ್ಟು ಬಂದಿದೆ, ಹುಡುಕಲು ಆಗುವುದಿಲ್ಲ.

ಅಡಿವೆಯ್ಯನಿಗೆ ಇಷ್ಟು ಹೇಳಿದರೂ ಸಾಲದಂತೆ. "ಮೋತಿ, ಬಾಯಿಮಾತು ಸಾಕು. ಒಂದು ಕಾಗದ ಇದ್ರ ತೋರ್ಸು" ಅಂದ. ನೀನು ಅಲ್ಲೇ ಇದ್ದೀಯಲ್ಲ, ಆ ಊರಿನ ಯುದ್ಧದ ಸ್ಮಶಾನಕ್ಕೆ ಹೋಗು. ಎಲ್ಲಾದರೂ ಬಾಪುನ ಹೆಸರು ಇರಲೇಬೇಕು. ಇಲ್ಲದಿದ್ದರೆ ಬರೆಸಿ ಬಾ.

ನಿನ್ನ ಜಗಮೊಂಡ ಕಾಕಾ,
ಮೋತಿಲಾಲ


ಕೊಹಿಮಾ
೬ ಫೆಬ್ರವರಿ ೨೦೨೪

ಕಾಕಾ,

ನಿನ್ನ ಪತ್ರ ಹನ್ನೆರಡು ದಿನಕ್ಕೆ ಬಂತು. ವಾರ್ಡಿನಲ್ಲಿ ಓದಿ ನಕ್ಕೆ, ರೋಗಿಗಳು ಗಾಬರಿಯಾದರು.

ರಜೆಯ ದಿನ ಸ್ಮಶಾನಕ್ಕೆ ಹೋಗಿದ್ದೆ. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸಾಲಾಗಿ ಕಲ್ಲು ನೆಟ್ಟಿದ್ದಾರೆ. ಹುಲ್ಲನ್ನು ತಲೆಗೂದಲು ಕತ್ತರಿಸಿದಂತೆ ಸಮ ಮಾಡಿದ್ದಾರೆ. ಮಧ್ಯದಲ್ಲಿ ಒಂದು ಟೆನಿಸ್ ಅಂಗಳದ ಗುರುತು, ಬಿಳಿ ಗೆರೆ. ಆ ಅಂಗಳದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ದಿನಗಟ್ಟಲೆ ಬಾಂಬು ಎಸೆದಾಡಿದರಂತೆ. ಕಲ್ಲುಗಳ ಮೇಲೆ ವಯಸ್ಸು ಬರೆದಿದೆ. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು. ನನ್ನ ವಾರ್ಡಿನ ಹುಡುಗಿಯರ ವಯಸ್ಸು.

ಅಜ್ಜನ ಹೆಸರು ಅಲ್ಲಿ ಹೇಗಿರುತ್ತದೆ ಕಾಕಾ? ಅದು ಸತ್ತವರದು. ಅಜ್ಜ ಬದುಕಿ ಬಂದದ್ದರಿಂದಲೇ ಅಲ್ಲವೇ ನೀನು ಹುಟ್ಟಿ ನನಗೆ ಇಷ್ಟು ಕೆಲಸ ಹಚ್ಚಿದ್ದು?

ಒಂದು ಸಂಶಯ. ವಿಮಾನ ಎರಡೋ ಮೂರೋ? ನನ್ನನ್ನು ನೋಡಲು ಮುಂಡಗೋಡದಿಂದ ಬೀಗರು ಬಂದಾಗ ನೀನು ಮೂರು ಅಂದಿದ್ದೆ.

ಬ್ರಿಗೇಡಿನ ಹೆಸರು, ನಂಬರು ಏನಾದರೂ ನೆನಪಿದ್ದರೆ ಬರಿ. ಅದಿಲ್ಲದೆ ಹುಡುಕುವುದು ಕಷ್ಟ.

ನಿನ್ನ,
ಸೌಂದರ್ಯಾ


ತೇರಗಾಂವ ತಾಂಡಾ
೨೮ ಫೆಬ್ರವರಿ ೨೦೨೪

ಸೌಂದರ್ಯಾ,

ಬ್ರಿಗೇಡಿನ ನಂಬರು ನೀನು ಹುಡುಕಬೇಕಾಗಿಲ್ಲ. ಅಡಿವೆಯ್ಯ ಹುಡುಕಿಬಿಟ್ಟಿದ್ದಾನೆ. ಆ ಬ್ರಿಗೇಡಿನ ಮುದಿ ಅಧಿಕಾರಿಗಳು ಯುದ್ಧ ಮುಗಿದ ಮೇಲೆ ತಮ್ಮದೇ ಚರಿತ್ರೆಯ ಪುಸ್ತಕ ಬರೆದಿದ್ದಾರಂತೆ. ಅದರಲ್ಲಿ ಹೇಸರಗತ್ತೆಗಳ ವಿಷಯ ಬಂದ ಒಂದು ಪುಟದ ಝೆರಾಕ್ಸ್ ಇವನಿಗೆ ಧಾರವಾಡದಿಂದ ಯಾರೋ ಕಳಿಸಿದ್ದಾರೆ. ನಿನ್ನೆಯ ಸಭೆಯಲ್ಲಿ ಹತ್ತೊಂಬತ್ತು ಮನೆತನದವರ ಮುಂದೆ ಕನ್ನಡಕ ಏರಿಸಿಕೊಂಡು ಓದಿದ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನನಗೆ ತಿಳಿಯಲಿ ಎಂದು ಕನ್ನಡದಲ್ಲಿ.

ನಾನು ಕುರ್ಚಿಯಿಂದ ಎದ್ದೆ. ಅದು ಪ್ಲಾಸ್ಟಿಕ್ಕಿನದು, ನನ್ನ ಜತೆಗೇ ಎದ್ದಿತು. ಯಾರೋ ನಕ್ಕರು. "ಏ ಮಾಸ್ತರ, ಇಂಗ್ಲಿಷರ ಪುಸ್ತಕ ಹಿಡಕೊಂಡು ನಮ್ಮ ಬಾಪುನ ಅಳೀತಿ ಏನು? ಅವರು ಬರದದ್ದೆಲ್ಲ ದೇವರ ಮಾತೇನು?" ಅಂದೆ.

ಅವನು ನಿಧಾನವಾಗಿ, "ಮೋತಿ, ಸಿಟ್ಟಾಗಬ್ಯಾಡ. ಹೆಸರು ಐತಿ, ವರ್ಷ ಐತಿ, ಊರು ಬೆಳಗಾಂವ ಜಿಲ್ಲಾದ ಕಡೆ ಕಾಡು ಅಂತ ಐತಿ. ಓಡಿ ಹೋದವನ ಹೆಸರು ಉಳಿದ ಹತ್ತೊಂಬತ್ತು ಮಂದಿ ನಡುವ ಹೆಂಗ ಹಾಕೂಣು?" ಅಂದ.

ಓಡಿ ಹೋದವನು. ನಮ್ಮ ಬಾಪು.

ನಾನು ಅಂದದ್ದನ್ನೆಲ್ಲ ಬರೆದರೆ ಅಂಚೆಯವರು ಪತ್ರ ತಡೆದಾರು. ದುಂಡೇಶನ ಚಹಾ ಕುಡಿಯದೆ ಬಂದೆ. ಆ ಪುಟ ಇದರ ಜತೆಗಿದೆ. ಬರೆದವರು ಕುಡಿದು ಬರೆದಿರಬೇಕು. ಬರೆದವರು ಬಾಪುನ ಕಾಲಿನ ಧೂಳಿಗೂ ಸಮ ಅಲ್ಲ. ಅವರ ವಂಶದಲ್ಲಿ ಒಬ್ಬನೂ ಹೇಸರಗತ್ತೆಯ ಬೆನ್ನಿಗೆ ಹೇರು ಬಿಗಿದವನಲ್ಲ. ನೀನು ಇದನ್ನು ಸರಿಯಾಗಿ ಓದಿ, ಅಡಿವೆಯ್ಯನ ಇಂಗ್ಲಿಷು ತಪ್ಪೆಂದು ಬರೆದು ಕಳಿಸು. ಆಸ್ಪತ್ರೆಯ ಶಿಕ್ಕಾ ಹೊಡೆದು ಕಳಿಸಿದರೆ ಇನ್ನೂ ಒಳ್ಳೆಯದು.

ಕಾಕಿಗೆ ಇದು ಗೊತ್ತಿಲ್ಲ. ಫೋನಿನಲ್ಲಿ ಬಾಯಿ ಬಿಡಬೇಡ.

ಬೆನ್ನು ಬಾಗದ,
ಮೋತಿಲಾಲ


ಕೊಹಿಮಾ
೨೧ ಮಾರ್ಚ್ ೨೦೨೪

ಕಾಕಾ,

ಪುಟವನ್ನು ನಾಲ್ಕು ಸಲ ಓದಿದೆ. ಅಡಿವೆಯ್ಯ ಮಾಸ್ತರರ ಇಂಗ್ಲಿಷು ಸರಿಯಾಗಿದೆ. ನಾನೂ ಕನ್ನಡದಲ್ಲಿ ಬರೆದಿದ್ದೇನೆ, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿಲ್ಲ:

"ಮೇ ತಿಂಗಳ ಕೊನೆಯ ವಾರ, ಮಳೆಯಲ್ಲಿ ಗುಡ್ಡ ಏರುವಾಗ, ಬೆಳಗಾಂವ ಕಡೆಯ ಕಾಡಿನಲ್ಲಿ ಸೇರಿಸಿಕೊಂಡಿದ್ದ ಥಾವರ್ಯಾ ಎಂಬ ಹೇಸರಗತ್ತೆ ಚಾಲಕನು ಸಾರ್ಜಂಟನ ಅಪ್ಪಣೆಯನ್ನು ಮೀರಿ, ಎರಡು ಪ್ರಾಣಿ ಮತ್ತು ಅವುಗಳ ಹೇರಿನೊಂದಿಗೆ ದಂಡಿನಿಂದ ತಪ್ಪಿಸಿಕೊಂಡನು. ಇಂಥವರನ್ನು ನೆಚ್ಚಿ ಬ್ರಿಗೇಡು ಯುದ್ಧ ಮಾಡಬೇಕಾಗಿತ್ತು."

ಅಷ್ಟೇ. ಶಿಕ್ಕಾ ಹೊಡೆಯುವಂಥದ್ದು ಏನೂ ಇಲ್ಲ.

ಕಾಕಾ, ಒಂದು ಮಾತು. ನಿನ್ನ ಪತ್ರವನ್ನೂ ನಾಲ್ಕು ಸಲ ಓದಿದೆ. ಆ ಪುಟ ಬರೆದವರಿಗೆ ನೀನು ಕುಡುಕರು ಅಂದಿದ್ದೀಯ, ಧೂಳು ಅಂದಿದ್ದೀಯ, ಅವರ ವಂಶವನ್ನೂ ಬಿಟ್ಟಿಲ್ಲ. ಆದರೆ ಎಲ್ಲಿಯೂ "ಇದು ಸುಳ್ಳು" ಎಂದು ಬರೆದಿಲ್ಲ.

ನಿನಗೆ ಮೊದಲೇ ಗೊತ್ತಿತ್ತಾ?

ಸೌಂದರ್ಯಾ


ತೇರಗಾಂವ ತಾಂಡಾ
೯ ಮೇ ೨೦೨೪

ಸೌಂದರ್ಯಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಎರಡು ಸಲ ಬರೆದು ಹರಿದೆ. ಒಂದರಲ್ಲಿ ವಿಮಾನ ನಾಲ್ಕಾಗಿದ್ದವು.

ಗೊತ್ತಿತ್ತು.

ನಾನು ಮೂರನೇ ಇಯತ್ತೆಯಲ್ಲಿದ್ದೆ. ತೇರಗಾಂವ ಶಾಲೆಯಲ್ಲಿ ಹುಡುಗರು ನನ್ನನ್ನು ಸುತ್ತುವರಿದು, "ಲಮಾಣ್ಯಾ, ನಿಮ್ಮಪ್ಪ ಮಿಲ್ಟ್ರಿಗೆ ಹೋಗಿದ್ನಂತ, ಮೆಡಲ್ ಎಲ್ಲೈತೋ?" ಎಂದು ಅಂಗಿ ಹರಿದರು. ಮನೆಗೆ ಬಂದಾಗ ಬಾಪು ಎತ್ತಿನ ಬಾಲದಲ್ಲಿ ಸಿಕ್ಕಿದ ಮುಳ್ಳುಕಾಯಿ ಬಿಡಿಸುತ್ತ ಕೂತಿದ್ದ. ಅಳುತ್ತಲೇ ಕೇಳಿದೆ. ಬಾಪು ಬಾಲದಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದ. ಜೀವಮಾನದಲ್ಲಿ ಒಂದೇ ಸಲ.

ನಮ್ಮ ಹಿರಿಯರು ನೂರಾರು ಎತ್ತಿನ ಮೇಲೆ ಉಪ್ಪು, ದವಸ ಹೇರಿ ದೇಶ ತಿರುಗುತ್ತಿದ್ದವರು ಎಂದು ನಿನಗೆ ಗೊತ್ತು. ಆ ಸಾಲಿಗೆ ಒಂದು ಮುಂದಿನ ಎತ್ತು. ಅದರ ಕೊರಳಿಗೆ ಗಂಟೆ, ಕೋಡಿಗೆ ಕೆಂಪು ಬಟ್ಟೆ. ಅದು ನಡೆದರೆ ಸಾಲು ನಡೆಯಬೇಕು, ಅದು ಕೂತರೆ ಸಾಲು ಅಲ್ಲೇ ಇಳಿಯಬೇಕು. ಕೂತದ್ದನ್ನು ಹೊಡೆದು ಎಬ್ಬಿಸುವಂತಿಲ್ಲ. ಇಳಿಸಿದ ಹೇರನ್ನು ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ. ಬಾಪುನ ಕಾಲಕ್ಕೆ ಆ ಸಾಲು ಯಾವಾಗಲೋ ನಿಂತಿತ್ತು. ಅವನು ದಾಂಡೇಲಿ ಕಾಡಿನಿಂದ ಸಾಗವಾನಿ ಎಳೆಯುತ್ತಿದ್ದ. ಆದರೆ ರೀತಿ ಮೈಯಲ್ಲಿತ್ತು. ಆ ಬ್ರಿಗೇಡು ಕಾಡಿಗೆ ಬಂದಾಗ, ದನದ ಕೆಲಸ ಬಲ್ಲವನೆಂದು ಸೇರಿಸಿಕೊಂಡು ಕೈಗೆ ಎರಡು ಹೇಸರಗತ್ತೆಯ ಹಗ್ಗ ಕೊಟ್ಟರು. ಮುಂದಿನದಕ್ಕೆ ಬಾಪು ಒಂದು ಕೆಂಪು ಚಿಂದಿ ಕಟ್ಟಿದ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಿಮ್ಮ ಆ ಗುಡ್ಡದಲ್ಲಿ, ಮೊಳಕಾಲುದ್ದ ಕೆಸರಿನಲ್ಲಿ, ಆ ಕೆಂಪು ಚಿಂದಿಯ ಹೇಸರಗತ್ತೆ ಕೂತುಬಿಟ್ಟಿತು. ಸಾರ್ಜಂಟ ಬೆತ್ತದಿಂದ ಬಡಿದ. ಏಳಲಿಲ್ಲ. ಪ್ರಾಣಿಯನ್ನೂ ಹೇರನ್ನೂ ಕೊಳ್ಳಕ್ಕೆ ನೂಕಿ ದಾರಿ ಬಿಡು ಎಂದು ಕೈಸನ್ನೆ ಮಾಡಿದ. ಬಾಪು ಅವನ ಬೆತ್ತ ಹಿಡಿದುಕೊಂಡ. "ಕುಂತೈತಿ, ಏಳತೈತಿ" ಅಂದ. ಅವನಿಗೆ ಎಲ್ಲಿ ತಿಳಿಯಬೇಕು. ಬಂದೂಕು ತೋರಿಸಿದ. ಬಾಪು ಎರಡನ್ನೂ ದಾರಿಯಿಂದ ಬದಿಗೆ ಎಳೆದುಕೊಂಡು ಹೇರು ಇಳಿಸಿ ಮೇಲೆ ಎಲೆ ಮುಚ್ಚಿದ. ದಂಡು ಮುಂದೆ ಹೋಯಿತು. ಬಾಪು ಹೋಗಲಿಲ್ಲ.

ಮುಂದೆ ಹೋದವರ ಮೇಲೆ ಬಾಂಬು ಬಿತ್ತು, ಬಾಪುಗೆ ಮೊದಲೇ ತಿಳಿದಿತ್ತು ಎಂದು ನಾನು ಬರೆಯಬಹುದಿತ್ತು. ಬೀಳಲಿಲ್ಲ. ಅವರು ಸುಖವಾಗಿ ತಲುಪಿದರು. ಹೇಸರಗತ್ತೆಗೆ ಸುಸ್ತಾಗಿತ್ತು, ಕೂತಿತು, ಅಷ್ಟೇ. ಒಂದೂವರೆ ದಿನದ ಮೇಲೆ ತಾನೇ ಎದ್ದಿತು. ಬಾಪು ಹೇರು ಬಿಗಿದು ಹೊರಟ. ಮೂರನೇ ದಿನ ಮೇಲೆ ತಲುಪಿದಾಗ ಸಿಪಾಯಿಗಳು ಓಡಿ ಬಂದು ಪೆಟ್ಟಿಗೆ ಇಳಿಸಿಕೊಂಡರು. ಅವರ ಹಿಂದೆಯೇ ಇನ್ನಿಬ್ಬರು ಬಂದು ಬಾಪುನ ಕೈ ಕಟ್ಟಿದರು. ಇಪ್ಪತ್ತೆಂಟು ದಿನ ಮಳೆಯಲ್ಲಿ ರಸ್ತೆಗೆ ಕಲ್ಲು ಹೊರಿಸಿದರು. ಆಮೇಲೆ ಮನೆಗೆ ಕಳಿಸಿದರು. ಪದಕ ಇಲ್ಲ, ಕಾಗದ ಇಲ್ಲ. ಕಾಳಿ ಹೊಳೆಗೆ ಬಾಪು ಏನನ್ನೂ ಎಸೆದಿಲ್ಲ.

ಅಂಗಿ ಹರಿದ ಹುಡುಗರಿಗೆ ಇದನ್ನು ಹೇಗೆ ಹೇಳಲಿ? ಮರುದಿನ ಶಾಲೆಯಲ್ಲಿ ನಾನು ಒಂದು ವಿಮಾನ ಹೊಡೆಸಿದೆ. ಮುಂದಿನ ವರ್ಷ ಇನ್ನೊಂದು. ಬಾಪುನ ಕಿವಿಗೂ ಬಿತ್ತು. ಬೈಯಲಿಲ್ಲ. ಆದರೆ ಅಂದಿನಿಂದ ನಾನು ಕಥೆಗೆ ಬಾಯಿ ತೆರೆದರೆ ಎದ್ದು ದನದ ಕಡೆ ಹೋಗುತ್ತಿದ್ದ. ಬಾಪುಗೆ ನಾಚಿಕೆ, ಹೊಗಳಿಸಿಕೊಳ್ಳಲು ಸಂಕೋಚ ಎಂದು ನಾನು ಮಂದಿಗೆ ಹೇಳಿ ಅದನ್ನೂ ಕಥೆಗೆ ಸೇರಿಸಿದೆ.

ಈಗ ಹೇಳು, ನನ್ನನ್ನು ಯಾರು ನಂಬುತ್ತಾರೆ? ಐವತ್ತೆಂಟು ವರ್ಷ ಸುಳ್ಳು ಹೇಳಿದ ಬಾಯಿ ಇದು. ನಿಜ ಹೇಳಿದರೆ ಅಡಿವೆಯ್ಯ ವಿಮಾನದಷ್ಟೂ ನಂಬುವುದಿಲ್ಲ. ಆದರೂ ಕೇಳು, ಬಾಪು ಓಡಿ ಹೋದವನಲ್ಲ. ಕೂತವನು.

ಕಾಕಾ


ಕೊಹಿಮಾ
೧೬ ಜೂನ್ ೨೦೨೪

ನನ್ನ ಕಾಕಾನಿಗೆ,

ನಾನು ನಂಬುತ್ತೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರ ಮನೆಯಲ್ಲಿ ಆ ಬ್ರಿಗೇಡಿನ ಪುಸ್ತಕವೇ ಇತ್ತು, ಇಡೀ ಪುಸ್ತಕ. ಡ್ಯೂಟಿ ಮುಗಿಸಿ ಬಂದು ದಿನಕ್ಕೆ ಹತ್ತು ಪುಟದಂತೆ ಓದಿದೆ. ಮೊದಲಿನಿಂದ ಹೇಳುತ್ತೇನೆ, ನಿನಗೆ ಬೇಕಾಗುತ್ತದೆ.

ಯುದ್ಧದ ಮೊದಲ ವರ್ಷ ಆ ಬ್ರಿಗೇಡು ಫ್ರಾನ್ಸಿಗೆ ಹೋಯಿತು. ಜರ್ಮನರು ಅಟ್ಟಿಸಿಕೊಂಡು ಬಂದಾಗ ತೋಪು, ಲಾರಿ, ಮದ್ದು ಎಲ್ಲವನ್ನೂ ಸಮುದ್ರದ ದಂಡೆಯಲ್ಲೇ ಬಿಟ್ಟು ದೋಣಿ ಹತ್ತಿ ಮನೆಗೆ ಹೋದರು. ಪುಸ್ತಕ ಅದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದೆ. ಅದರ ಹೆಸರು "ಶಿಸ್ತಿನ ಹಿಂದೆಗೆತ". ಆಮೇಲೆ ಹಡಗಿನಲ್ಲಿ ಹಿಂದುಸ್ತಾನ. ಬೆಳಗಾಂವ, ದಾಂಡೇಲಿ ಕಾಡಿನಲ್ಲಿ ತರಬೇತಿ. ನಮ್ಮ ಕಾಡಿನ ಬಗ್ಗೆ ಎರಡು ಪುಟ ಇದೆ. ಅದರಲ್ಲಿ ಒಂದೂವರೆ ಪುಟ ಜಿಗಣೆಗಳದು. ನಂತರ ರೈಲಿನಲ್ಲಿ ದಿಮಾಪುರ, ಅಲ್ಲಿಂದ ಈ ಗುಡ್ಡ.

ಇನ್ನು ಅಜ್ಜನದು. ಅಡಿವೆಯ್ಯ ಮಾಸ್ತರರಿಗೆ ಬಂದ ಪುಟದ ಮುಂದೆ ಆರು ಪುಟ ದಾಟಿದರೆ ಹೀಗಿದೆ:

"ಮೂರನೆಯ ದಿನ ಮದ್ದು ಪೂರ್ತಿ ಮುಗಿದಿದ್ದಾಗ, ಅನಿರೀಕ್ಷಿತವಾಗಿ ಒಬ್ಬ ಚಾಲಕ ಎರಡು ಹೇಸರಗತ್ತೆಗಳೊಂದಿಗೆ ಕೆಳಗಿನಿಂದ ಬಂದನು. ಎಂಟು ಪೆಟ್ಟಿಗೆ ಮದ್ದು, ಒಂದೂ ಒದ್ದೆಯಾಗಿರಲಿಲ್ಲ. ಆ ಸಂಜೆಯ ದಾಳಿಯನ್ನು ಅದರಿಂದಲೇ ತಡೆದೆವು. ಚಾಲಕನನ್ನು ಬಂಧಿಸಲಾಯಿತು."

ಹೆಸರಿಲ್ಲ ಕಾಕಾ. ತಪ್ಪು ಬರೆಯುವಾಗ ಥಾವರ್ಯಾ ಎಂದು ಬರೆದ ಕೈ, ತಂದದ್ದನ್ನು ಬರೆಯುವಾಗ "ಒಬ್ಬ ಚಾಲಕ" ಅಂದಿದೆ. ಈ ಪುಟಗಳ ಝೆರಾಕ್ಸ್ ಕಳಿಸುತ್ತಿದ್ದೇನೆ.

ಇನ್ನೊಂದು ವಿಷಯ. ಸ್ಮಶಾನಕ್ಕೆ ಮತ್ತೆ ಹೋಗಿದ್ದೆ. ಆ ಬ್ರಿಗೇಡಿನವರ ಕಲ್ಲುಗಳಲ್ಲಿ ಆ ಮೂರು ದಿನಗಳ ತಾರೀಖು ಇರುವವು ನಾಲ್ಕು. ಎಂಟು ಪೆಟ್ಟಿಗೆ ಮೊದಲ ದಿನವೇ ಬಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಸಾರ್ಜಂಟನ ಮಾತು ನಡೆದಿದ್ದರೆ ಅವು ಕೊಳ್ಳದಲ್ಲಿರುತ್ತಿದ್ದವು, ಅದು ಗೊತ್ತು. ಆದರೂ ನಾಲ್ಕೂ ಕಲ್ಲಿಗೆ ಹೂ ಇಟ್ಟು ಬಂದೆ. ಹೇಳದೆ ಇರಲು ಮನಸ್ಸಾಗಲಿಲ್ಲ.

ನಾನು ನಿನ್ನನ್ನು ನಂಬಿದ್ದು ಈ ಪುಟ ಸಿಗುವ ಮೊದಲೇ. ನಿನ್ನ ಪತ್ರದಲ್ಲಿ "ಅವರು ಸುಖವಾಗಿ ತಲುಪಿದರು" ಎಂದು ಬರೆದಿದ್ದೆ ನೋಡು, ಅಲ್ಲಿ. ಸುಳ್ಳು ಕಟ್ಟುವ ನನ್ನ ಕಾಕಾ ಅವರನ್ನು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

ಸೌಂದರ್ಯಾ


ತೇರಗಾಂವ ತಾಂಡಾ
೧೨ ಜುಲೈ ೨೦೨೪

ಮಗಳೇ,

ಆ ನಾಲ್ಕು ಕಲ್ಲಿಗೆ ನನ್ನ ಪರವಾಗಿಯೂ ಹೂ ಇಡು. ಬಾಪು ಇದ್ದಿದ್ದರೆ ಇಡುತ್ತಿದ್ದ. ಮತ್ತೆ ಬಂದು ದನದ ಕಡೆ ಹೋಗುತ್ತಿದ್ದ.

ನಿನ್ನ ಕಾಗದ ಹಿಡಿದು ಸಭೆಗೆ ಹೋದೆ. ಈ ಸಲ ಮರದ ಕುರ್ಚಿ ಆರಿಸಿಕೊಂಡೆ. ಎಲ್ಲವನ್ನೂ ಹೇಳಿದೆ, ಮುಂದಿನ ಎತ್ತಿನಿಂದ ಹಿಡಿದು ಇಪ್ಪತ್ತೆಂಟು ದಿನದವರೆಗೆ. ವಿಮಾನಗಳು ಸುಳ್ಳು ಎಂದೂ ಹೇಳಿದೆ. ಆಮೇಲೆ ಫ್ರಾನ್ಸಿನ ದಂಡೆ ತೆಗೆದೆ. "ನೋಡ್ರಿ, ತೋಪು ಬಿಟ್ಟು ಓಡಿದವರು ಶಿಸ್ತಿನವರಂತ. ಎಂಟು ಪೆಟಗಿ ಬಿಡದ ನಮ್ಮ ಬಾಪು ತಪ್ಪಿಸಿಕೊಂಡವನಂತ. ಯಾ ತಕ್ಕಡಿ ಇದು ಮಾಸ್ತರ?" ಅಂದೆ.

ಅಡಿವೆಯ್ಯ ಕಾಗದವನ್ನು ಬಹಳ ಹೊತ್ತು ನೋಡಿದ. "ಮೋತಿ, ನನಗ ನಂಬಿಕಿ ಬರಾಕ್ಹತ್ತೈತಿ. ಆದರ ಇದರಾಗ ಹೆಸರಿಲ್ಲ. ಹೆಸರಿರೋ ಪುಟದಾಗ ತಪ್ಪೈತಿ. ಹೆಸರಿಲ್ಲದ ಪುಟದಾಗ ಒಳ್ಳೇದೈತಿ. ನಾನು ಯಾವ ಬಾಯಿಲೆ ಬರೀಲಿ?" ಅಂದ. ಅವನು ಹಾಗೆಯೇ, ಮುಲ್ಕಿಯಲ್ಲೂ ಹಾಗೆಯೇ ಇದ್ದ. ನಿಜ ಹೇಳುತ್ತೇನೆ, ಅವನು ನನ್ನದನ್ನು ನೋಡಿ ಬರೆದಿರಲಿಲ್ಲ.

ಆಗ ದುಂಡೇಶ ನನ್ನನ್ನು ಹೊರಗೆ ಕರೆದ, ಹೆಗಲ ಮೇಲೆ ಕೈ ಹಾಕಿದ. "ಕಾಕಾ, ಯಾಕ ತಲಿ ಕೆಡಿಸ್ಕೊತೀರಿ? ಆ ಎತ್ತು, ಕೂತದ್ದು, ಜೇಲು, ಇವೆಲ್ಲ ಬಿಡ್ರಿ. ನೀವು ಮೊದಲ ಹೇಳಿದ್ರಲ್ಲ, ಎರಡು ವಿಮಾನ, ಅದ ಚಲೋ ಇತ್ತು. ಅಷ್ಟು ಬರದು ಸಹಿ ಮಾಡಿ ಕೊಡ್ರಿ. ಆ ಇಂಗ್ಲಿಷ್ ಪುಟ ಯಾರ ನೋಡ್ತಾರ? ಕಲ್ಲಿನ್ಯಾಗ ಮೊದಲನೇ ಹೆಸರು ನಿಮ್ಮ ಬಾಪುಂದ ಹಾಕಸ್ತೇನಿ."

ಮೊದಲನೇ ಹೆಸರು, ಸೌಂದರ್ಯಾ! ಹತ್ತೊಂಬತ್ತರ ಮೇಲೆ. ಇಷ್ಟು ವರ್ಷ ನಾನು ಮಂದಿಗೆ ಒಪ್ಪಿಸಲು ಒದ್ದಾಡಿದ ಕಥೆಯನ್ನು ಅವನು ತಾನಾಗಿಯೇ ಕೇಳುತ್ತಿದ್ದಾನೆ. ಪೆನ್ನನ್ನೂ ಬಿಚ್ಚಿ ಕೈಗೆ ಕೊಟ್ಟ.

ಪೆನ್ನು ಹಿಡಿದೆ. ನಿನಗೆ ಸುಳ್ಳು ಬರೆಯುವುದಿಲ್ಲ, ಒಂದು ಗಳಿಗೆ ಹಿಡಿದೇ ನಿಂತಿದ್ದೆ. ಆಗ ನನಗೆ ಬಾಪು ಎದ್ದು ದನದ ಕಡೆ ಹೋಗುವುದು ಕಂಡಿತು. ಬೆನ್ನು ಮಾತ್ರ ಕಂಡಿತು.

"ದುಂಡೇಶಪ್ಪಾ, ಆ ವಿಮಾನ ಹೊಡದವನು ನಮ್ಮ ಬಾಪು ಅಲ್ಲ, ನಾನು. ಮೂರನೇ ಇಯತ್ತೆದಾಗ. ಬೇಕಾದ್ರ ನನ್ನ ಹೆಸರು ಕೆತ್ತಸು" ಎಂದು ಪೆನ್ನು ಅವನ ಜೇಬಿಗೆ ಸಿಕ್ಕಿಸಿ ಬಂದೆ.

ಅವರ ಕಲ್ಲಿನಲ್ಲಿ ಬಾಪು ಇರುವುದಿಲ್ಲ. ಕಲ್ಲು ಅವರಿಗೆ ಮಾತ್ರ ಸಿಗುತ್ತದೆಯೇ?

ಕಾಕಿಗೆ ಎಲ್ಲ ಹೇಳಿದೆ. ಮೂರು ದಿನ ಒಲೆಯ ಮುಂದೆ ಪಾತ್ರೆಗಳನ್ನೇ ಬಡಿದಳು. ನಾಲ್ಕನೇ ದಿನ, "ನಲವತ್ತು ವರ್ಷ ಈ ವಿಮಾನದ ಕತಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು. ಈ ನಿಜ ಮೊದಲ ಹೇಳಿದ್ರ ಒಂದು ಸಲ ಕೇಳಿ ಸುಮ್ಮನಿರ್ತಿದ್ದೆ" ಅಂದಳು. ಸೇಡು ತೀರಿಸಿಕೊಳ್ಳುವವಳ ಹಾಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು.

ನಿನ್ನ,
ಮೋತಿಲಾಲ ಕಾಕಾ


ತೇರಗಾಂವ ತಾಂಡಾ
೧೯ ಆಗಸ್ಟ್ ೨೦೨೪

ಸೌಂದರ್ಯಾಳಿಗೆ, ಗೆದ್ದು ಕೂತಿರುವ ನಿನ್ನ ಕಾಕಾನಿಂದ,

ಆಗಸ್ಟ್ ಹದಿನೈದರಂದು ಹಳಿಯಾಳದಲ್ಲಿ ಅವರ ಕಲ್ಲು ನಿಂತಿತು. ಅದೇ ದಿನ, ಅದೇ ಹೊತ್ತಿಗೆ, ನಮ್ಮ ತಾಂಡಾಕ್ಕೆ ತಿರುಗುವ ದಾರಿಯಲ್ಲಿ, ದನ ನೀರು ಕುಡಿಯುವ ತೊಟ್ಟಿಯ ಪಕ್ಕ ನಮ್ಮದು ನಿಂತಿತು.

ಕಲ್ಲು ನಮ್ಮ ಹೊಲದ ಬದುವಿನದೇ. ಬೀಸುಕಲ್ಲಿಗೆ ಹಲ್ಲು ಹಾಕುವ ಮುದಕಪ್ಪನನ್ನು ಕರೆಸಿದೆ. ನಾನು ಬರೆದು ಕೊಟ್ಟದ್ದನ್ನು ಅವನು ಎರಡು ಸಲ ತಿರುಗಿಸಿ ನೋಡಿದ. "ಮೋತಣ್ಣಾ, ಇಷ್ಟೇನು? ಮುಂದ ಶೂರ, ವೀರ ಅಂತ ಏನರ ಹಾಕೂಣು. ಜಾಗಾ ಉಳದೈತಿ" ಅಂದ. ನಾನು ಬೇಡ ಅಂದೆ. ಮುದಕಪ್ಪ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ.

ಕಲ್ಲಿನ ಮೇಲೆ ಹೀಗಿದೆ:

ಥಾವರ್ಯಾ ಲಮಾಣಿ
ಬ್ರಿಟಿಷ್ ಬ್ರಿಗೇಡಿನ ಹೇಸರಗತ್ತೆ ಚಾಲಕ
ಕೊಹಿಮಾ, ೧೯೪೪
ಅಪ್ಪಣೆ ಮೀರಿದ. ತಡವಾಗಿ, ಮೂರನೇ ದಿನ ಬಂದ.
ಎರಡು ಪ್ರಾಣಿ, ಎಂಟು ಪೆಟ್ಟಿಗೆ, ಎಲ್ಲ ತಂದ.

ತಾಂಡಾದ ನಾಯಕರು ಕಾಯಿ ಒಡೆದರು. ಹೆಂಗಸರು ಹಾಡಿದರು. ಕಾಕಿ ಕಲ್ಲಿನ ನೆತ್ತಿಗೆ ಒಂದು ಕೆಂಪು ಬಟ್ಟೆ ಕಟ್ಟಿದಳು. ನಾನು ಹೇಳಿರಲಿಲ್ಲ. "ಅಪ್ಪಣಿ ಮೀರಿದ ಅಂತ ಯಾರರ ಕಲ್ಲಿನ್ಯಾಗ ಬರೀತಾರೇನು?" ಎಂದು ಒಬ್ಬ ಮುದುಕ ಕೇಳಿದ. "ಅದ ಮೊದಲು ಓದಬೇಕು" ಅಂದೆ. ನಾನು ಭಾಷಣ ಮಾಡುತ್ತೇನೆಂದು ಎಲ್ಲರೂ ಹೆದರಿಕೊಂಡು ಕೂತಿದ್ದರು. ಮಾಡಲಿಲ್ಲ. ನಾಲ್ಕು ಹೂವನ್ನು ಕಲ್ಲಿನ ಬುಡದಲ್ಲಿ ಬೇರೆಯಾಗಿ ಇಟ್ಟೆ. ಅವು ಯಾರಿಗೆ ಎಂದು ಕೇಳಿದವರಿಗೆ, ಕೊಹಿಮಾದಲ್ಲಿ ಇದ್ದಾರೆ ಅಂದೆ.

ಮಧ್ಯಾಹ್ನ ಅಡಿವೆಯ್ಯ ಬಂದ. ಹಳಿಯಾಳದ ಸಮಾರಂಭದಲ್ಲಿ ಊಟಕ್ಕೂ ಕೂರದೆ ನೇರ ಬಂದಿದ್ದ, ಹೊದಿಸಿದ ಶಾಲು ಇನ್ನೂ ಕಂಕುಳಲ್ಲಿತ್ತು. ಚಪ್ಪಲಿ ಬಿಟ್ಟು ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಓದಿದ, ಶಾಲೆಯಲ್ಲಿ ಓದಿಸಿದ ಹಾಗೆ. ನಾನು ಎದೆ ಸೆಟೆಸಿ ಜಗಳಕ್ಕೆ ತಯಾರಾಗಿದ್ದೆ. ಅವನು ತಿರುಗಿ, "ಮೋತಿ, ನೀ ಬರದದ್ದರಾಗ ಒಂದೂ ಸುಳ್ಳಿಲ್ಲದ್ದು ಇದ ಮೊದಲನೇದು" ಅಂದ. "ಕೊನೇದೂ ಇದ" ಎಂದು ಕಾಕಿ ಹಿಂದಿನಿಂದ ಸೇರಿಸಿದಳು. ಅವನು ಶಾಲನ್ನು ಕಲ್ಲಿಗೆ ಹೊದಿಸಲು ಹೋದ. ನಾನು ಬೇಡ ಅಂದೆ. ಬಾಪುಗೆ ಆ ಸಮಿತಿಯದು ಏನೂ ಬೇಡ. ಅಡಿವೆಯ್ಯ ತಲೆಯಾಡಿಸಿ, ತೊಟ್ಟಿಯ ನೀರಿನಲ್ಲಿ ಕೈ ತೊಳೆದು, ಬರಿಗೈಯಿಂದ ಕಲ್ಲು ಮುಟ್ಟಿ ಹೋದ.

ಅವರ ಕಲ್ಲಿಗಿಂತ ನಮ್ಮದು ಒಂದು ಗೇಣು ಎತ್ತರ. ಮರುದಿನ ಬಸ್ಸಿಗೆ ಹೋಗಿ ಅಳೆದು ಬಂದಿದ್ದೇನೆ. ಇದು ಸುಳ್ಳಲ್ಲ, ಬೇಕಾದರೆ ದಾರ ಕಳಿಸುತ್ತೇನೆ.

ನಿನ್ನೆ ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೊರಟೆ. ನೀರು ಕುಡಿದ ಮೇಲೆ ನಮ್ಮ ಬಲಗಡೆಯ ಎತ್ತು ಕಲ್ಲಿನ ನೆರಳಿಗೆ ಹೋಗಿ ಮಲಗಿಬಿಟ್ಟಿತು. ಕಾಕಿ ಮನೆಯಿಂದಲೇ ಕೂಗಿದಳು, "ಏಳಸ್ರಿ ಅದನ್ನ! ಕಳೆ ತೆಗಿಯೂದಿಲ್ಲೇನು ಇವತ್ತು?"

ನಾನು ಬಾರುಕೋಲು ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತೆ. "ಕುಂತೈತಿ, ಏಳತೈತಿ" ಅಂದೆ.

ಮಧ್ಯಾಹ್ನಕ್ಕೆ ಎದ್ದಿತು.

ನಿನ್ನ ಕಾಕಾ,
ಥಾವರ್ಯಾನ ಮಗ ಮೋತಿಲಾಲ